ಓದಿಗೆ ವಯಸ್ಸಿಲ್ಲ
(ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ, ಕಗ್ಗದಾಸಪುರ)



ನಮ್ಮ ನೆರೆಯ ಎಚ್‌ಎಎಲ್‌ಗೆ 1956ರಲ್ಲಿ ಕುರ್ಟ್ ಟ್ಯಾಂಕ್ ಬಂದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಅಶ್ವದಳದಲ್ಲಿದ್ದವರು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ಓದಿದರು. ಇಲ್ಲಿ ಅವರ ತಂಡ ರೂಪಿಸಿದ ‘ಮಾರುತ್’ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. ನಾವು ದಿನವೂ ಓಡಾಡುವ ರಸ್ತೆಗೆ ಅವರದೇ ಹೆಸರು.

ಇದೇ ಟ್ಯಾಂಕ್ ಹಿಟ್ಲರನ ಜರ್ಮನಿಗೂ ಯುದ್ಧವಿಮಾನ ಮಾಡಿಕೊಟ್ಟಿದ್ದರು. ಆದ್ದರಿಂದಲೇ ನಾವು ದುವಾದಲ್ಲಿ ಬರಿಯ ಇಲ್ಮ್ ಅಲ್ಲ, ಜನರಿಗೆ ಉಪಕಾರವಾಗುವ ಇಲ್ಮ್ ಬೇಡುತ್ತೇವೆ.

ಮನೆಯ ಕಷ್ಟಕ್ಕೆ ಓದು ಬಿಟ್ಟು ಗ್ಯಾರೇಜು, ಅಂಗಡಿ, ಸೇನೆ ಸೇರಿದವರೂ ಮತ್ತೆ ಓದಬಹುದು. ಮಕ್ಕಳ ತಂದೆಯಾದವರೂ ಅರ್ಜಿ ಹಾಕಲಿ. ನಾವು ವಯಸ್ಸು ಕೇಳುವುದಿಲ್ಲ. ಅಂಕಪಟ್ಟಿ, ಪ್ರವೇಶಪತ್ರ, ಆದಾಯ ಪ್ರಮಾಣಪತ್ರ ತನ್ನಿ.