ನಿಲ್ದಾಣದಿಂದ ಮನೆಯವರೆಗಿನ ಹಾದಿ ಯಾರ ಹೊಣೆ?

(ನಾಗರಿಕ ಹಕ್ಕುಗಳ ಕುರಿತಾದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಂತಹ ವೇದಿಕೆಯಲ್ಲಿ ಸೈಕಲ್ಲಿನ ಬಗ್ಗೆ ಮಾತೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ದಾರಿಯಲ್ಲಿರುವ ತೊಡಕನ್ನು ನಿವಾರಿಸುವುದೂ ಸತ್ಯವಿಶ್ವಾಸದ ಒಂದು ಅಂಗವೆಂದು ಕಲಿಸಿದವರು ಪ್ರವಾದಿ ಮುಹಮ್ಮದ್(ಸ). ದಾರಿಗೂ ಹಕ್ಕುಗಳಿವೆ, ಅವನ್ನು ಸಲ್ಲಿಸಬೇಕು ಎಂದು ಅವರು ತಮ್ಮ ಅನುಚರರಿಗೆ ಬೋಧಿಸಿದ್ದರು. ಹೀಗಿರುವಾಗ ರಸ್ತೆಯ ಪ್ರಶ್ನೆಯನ್ನು ಧರ್ಮದ ಹೊರಗಿನದ್ದೆಂದು ಬದಿಗಿಡಲು ಸಾಧ್ಯವೇ?

ನಗರದ ಅಂಚಿನಲ್ಲಿ ವಾಸಿಸುವ ಓರ್ವ ಕೂಲಿ ಕಾರ್ಮಿಕನನ್ನು ಕಲ್ಪಿಸಿಕೊಳ್ಳಿ. ಬಸ್ಸು ಅವನನ್ನು ಮುಖ್ಯರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್. ನಡೆದರೆ ಅರ್ಧ ಗಂಟೆ. ರಿಕ್ಷಾ ಹಿಡಿದರೆ ಬಸ್ಸಿಗಿಂತ ಹೆಚ್ಚು ಬಾಡಿಗೆ. ಕೊನೆಗೆ ಆತ ಬಡ್ಡಿಯ ಸಾಲಕ್ಕೆ ಸಹಿ ಹಾಕಿ ಬೈಕು ತರುತ್ತಾನೆ. ಬಡ್ಡಿಯ ವಿರುದ್ಧ ನಾವು ಪ್ರವಚನ ಮಾಡುತ್ತೇವೆ. ಆದರೆ ಅವನನ್ನು ಆ ಬಾಗಿಲಿಗೆ ತಳ್ಳಿದ ಎರಡು ಕಿಲೋಮೀಟರಿನ ಬಗ್ಗೆ ನಾವು ಎಂದಾದರೂ ಯೋಚಿಸಿದ್ದೇವೆಯೇ?

ಇದಕ್ಕೆ ಜಗತ್ತು ಕಂಡುಕೊಂಡ ಒಂದು ಪರಿಹಾರವೆಂದರೆ ಸಾರ್ವಜನಿಕ ಸೈಕಲ್ ವ್ಯವಸ್ಥೆ. ಒಂದು ಕೇಂದ್ರದಲ್ಲಿ ಸೈಕಲ್ ಪಡೆದು ಇನ್ನೊಂದು ಕೇಂದ್ರದಲ್ಲಿ ಬಿಟ್ಟು ಹೋಗಬಹುದು. ಚೀನಾದ ಹಾಂಗ್‌ಝೌ ನಗರವು 2008ರಲ್ಲಿ ಇದನ್ನು ಸುಮಾರು 2,800 ಸೈಕಲ್‌ಗಳಿಂದ ಆರಂಭಿಸಿತು. ಅದರ ಯಶಸ್ಸಿನ ಗುಟ್ಟು ಸೈಕಲ್‌ಗಳ ಸಂಖ್ಯೆಯಲ್ಲಿ ಮಾತ್ರ ಇರಲಿಲ್ಲ. ಅದನ್ನು ನಡೆಸಿದ್ದು ನಗರದ ಬಸ್ ಸಂಸ್ಥೆಯೇ. ಬಸ್ಸಿನ ಕಾರ್ಡೇ ಸೈಕಲ್ಲಿಗೂ ನಡೆಯುತ್ತಿತ್ತು. ಮೊದಲ ಒಂದು ಗಂಟೆ ಉಚಿತವಾಗಿತ್ತು. ಬಸ್ಸಿನ ಪ್ರಯಾಣವು ನಿಲ್ದಾಣದಲ್ಲಿ ಮುಗಿಯದೆ ಮನೆಯ ಹತ್ತಿರದವರೆಗೆ ಮುಂದುವರಿಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ರೈಲ್ವೆ ಸಂಸ್ಥೆಯೇ ನಿಲ್ದಾಣಗಳಲ್ಲಿ ಬಾಡಿಗೆ ಸೈಕಲ್ ಒದಗಿಸುತ್ತದೆ. ಅಲ್ಲಿಯೂ ರೈಲಿನ ಕಾರ್ಡಿನಿಂದಲೇ ಸೈಕಲ್ ಪಡೆಯಬಹುದು. 2019ರ ಒಂದೇ ವರ್ಷದಲ್ಲಿ ಆ ಸೈಕಲ್‌ಗಳು 50 ಲಕ್ಷಕ್ಕೂ ಹೆಚ್ಚು ಬಾರಿ ಬಳಕೆಯಾದವು.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ಚೀನಾದಿಂದಲೇ ಬಂದಿದೆ. ಬಸ್ಸು, ರೈಲುಗಳ ಆಡಳಿತದೊಂದಿಗೆ ಹೊಂದಾಣಿಕೆಯಿಲ್ಲದೆ ಖಾಸಗಿ ಕಂಪೆನಿಗಳು ಪೈಪೋಟಿಯಿಂದ ಲಕ್ಷಾಂತರ ಸೈಕಲ್‌ಗಳನ್ನು ಬೀದಿಗೆ ಸುರಿದವು. ಕಾಲುದಾರಿಗಳು ಮುಚ್ಚಿಹೋದವು. ಅವುಗಳಲ್ಲಿ ಒಂದಾದ ಓಫೋ ಕಂಪೆನಿಯು ಗ್ರಾಹಕರಿಂದ ತಲಾ 99ರಿಂದ 199 ಯುವಾನ್ ಠೇವಣಿ ಪಡೆದಿತ್ತು. 2018ರ ಕೊನೆಯಲ್ಲಿ ಅದು ದಿವಾಳಿಯಂಚಿಗೆ ಬಂದಾಗ ಒಂದು ಕೋಟಿಗೂ ಹೆಚ್ಚು ಮಂದಿ ತಮ್ಮ ಹಣಕ್ಕಾಗಿ ಸರದಿಯಲ್ಲಿ ನಿಂತರು. ಠೇವಣಿಯೆಂದರೆ ಅಮಾನತ್. ಸಾರ್ವಜನಿಕ ಸೇವೆಯನ್ನು ಕೇವಲ ಲಾಭದ ಲೆಕ್ಕಾಚಾರಕ್ಕೆ ಒಪ್ಪಿಸಿದಾಗ ಅಮಾನತ್ತಿಗೆ ಏನಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ರಾಜ್ಯದ ಸ್ಥಿತಿ ಹೇಗಿದೆ? 2017ರ ಜೂನ್‌ನಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಯೋಜನೆಯನ್ನು 450 ಸೈಕಲ್‌ಗಳೊಂದಿಗೆ ಆರಂಭಿಸಿ ದೇಶಕ್ಕೆ ದಾರಿ ತೋರಿಸಿತು. ಶ್ಲಾಘನೀಯ ಹೆಜ್ಜೆಯದು. ಆದರೆ ಸೈಕಲ್ಲಿನ ಕಾರ್ಡೇ ಬೇರೆ, ಬಸ್ಸಿನ ಟಿಕೇಟೇ ಬೇರೆ ಎಂಬಲ್ಲಿ ಎರಡು ಇಲಾಖೆಗಳ ನಡುವಿನ ಗೋಡೆ ಪ್ರಯಾಣಿಕನ ತಲೆಗೆ ಬಡಿಯುತ್ತದೆ. ಒಂದೇ ಕಾರ್ಡಿನಲ್ಲಿ ಎಲ್ಲ ಪ್ರಯಾಣ ಎಂಬ ಉದ್ದೇಶದ ರಾಷ್ಟ್ರೀಯ ಕಾರ್ಡು 2019ರಲ್ಲಿ ಬಂತು. ಬೆಂಗಳೂರಿನ ಮೆಟ್ರೋಗೆ ಅದು 2023ರಲ್ಲಿ ತಲುಪಿತು. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಸಾರಿತ್ತು. ಆದರೂ ಮೇಲ್ಸೇತುವೆಗಳಿಗೆ ದೊರೆಯುವ ಹಣ ಮತ್ತು ಉತ್ಸಾಹ ಕಾಲುದಾರಿಗೂ ಸೈಕಲ್ ಪಥಕ್ಕೂ ಯಾಕೆ ದೊರೆಯುವುದಿಲ್ಲ? ಉತ್ತರ ಸರಳ. ಕಾರಿನಲ್ಲಿ ಕುಳಿತವನ ದೂರು ಅಧಿಕಾರಿಯ ಮೇಜಿಗೆ ತಲುಪುತ್ತದೆ. ಸೈಕಲ್ ತುಳಿಯುವವನ ದೂರು ಅಲ್ಲಿಗೆ ಹೋಗುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಕೃಷಿಯೇತರ ದುಡಿಮೆಗಾರರಲ್ಲಿ ಸುಮಾರು ಶೇ. 13 ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಅವರು ಮತದಾರರು ಹೌದು, ಆದರೆ ಒತ್ತಡ ಹೇರುವ ಗುಂಪಲ್ಲ.

ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಕೇಂದ್ರಗಳು ಉದ್ಯಾನದ ಬಳಿ, ಐಟಿ ಕಚೇರಿಯ ಬಳಿ ಮಾತ್ರ ತಲೆಯೆತ್ತಿ, ಕೊಳೆಗೇರಿಗಳಿಗೂ ನಮ್ಮ ಮೊಹಲ್ಲಾಗಳಿಗೂ ಬಾರದಿದ್ದರೆ ಈ ಯೋಜನೆ ಉಳ್ಳವರ ವ್ಯಾಯಾಮವಾಗಿಬಿಡುತ್ತದೆ. ಸ್ಮಾರ್ಟ್‌ಫೋನ್ ಮತ್ತು ಬ್ಯಾಂಕ್ ಖಾತೆ ಇದ್ದವರಿಗೆ ಮಾತ್ರ ಸೈಕಲ್ ಎಂದಾದರೂ ಹಾಗೆಯೇ.

ಸಹೋದರರೇ, ಸರಕಾರವನ್ನು ದೂರಿದರಷ್ಟೇ ಸಾಲದು. ನಮ್ಮತ್ತಲೂ ಒಮ್ಮೆ ನೋಡಿಕೊಳ್ಳೋಣ. ವಧುವಿನ ತಂದೆಯಿಂದ ಬೈಕು ಕೇಳಿ ಪಡೆಯುವ ವರ ನಮ್ಮಲ್ಲಿಲ್ಲವೇ? ಸೈಕಲ್ಲಿನಲ್ಲಿ ಬರುವವನನ್ನು ಬಡವನೆಂದು ಅಳೆಯುವ ಕಣ್ಣು ನಮ್ಮದಲ್ಲವೇ? ಜುಮಾ ನಮಾಝಿನ ಹೊತ್ತಿಗೆ ಮಸೀದಿಯೆದುರು ದಾರಿಗೆ ಅಡ್ಡವಾಗಿ ವಾಹನ ನಿಲ್ಲಿಸಿ ಒಳಗೆ ಮೊದಲ ಸಾಲಿಗೆ ಧಾವಿಸುವವನು ಯಾವ ಪುಣ್ಯವನ್ನು ಗಳಿಸಿದ?

ಮಹಿಳೆಯರ ವಿಷಯ ಇನ್ನೂ ಮುಖ್ಯವಾದುದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಅವರಿಗೆ ಸರಕಾರಿ ಬಸ್ಸನ್ನು ಉಚಿತಗೊಳಿಸಿತು. ಆದರೆ ನಿಲ್ದಾಣದಿಂದ ಕಾಲೇಜಿಗೆ, ಕತ್ತಲಾದ ಮೇಲೆ ನಿಲ್ದಾಣದಿಂದ ಮನೆಗೆ? ಹೆಣ್ಣುಮಗಳು ಸೈಕಲ್ ಏರುವುದು ಲಜ್ಜೆಗೆ ವಿರುದ್ಧವೆನ್ನುವವರು ಬುಖಾರಿಯ ಒಂದು ಹದೀಸನ್ನು ನೆನೆಯಲಿ. ಕುರೈಶ್ ಸ್ತ್ರೀಯರನ್ನು ಮಕ್ಕಳ ಮೇಲಿನ ಮಮತೆಗಾಗಿ ಹೊಗಳುವಾಗ ಪ್ರವಾದಿ(ಸ)ಯವರು ಅವರನ್ನು ಒಂಟೆಯೇರುವ ಸ್ತ್ರೀಯರ ಸಾಲಿನಲ್ಲೇ ಇರಿಸಿ ಮಾತನಾಡಿದರು. ಸವಾರಿಯನ್ನು ಅವರ ಕೊರತೆಯೆಂದು ಎಣಿಸಲಿಲ್ಲ. ಸಭ್ಯ ಉಡುಗೆಯ ಹೆಣ್ಣುಮಗಳಿಗೆ ಬೇಕಾದುದು ತಡೆಯಲ್ಲ. ಬೆಳಕಿರುವ, ಸುರಕ್ಷಿತವಾದ ದಾರಿ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಬಸ್ಸು, ಮೆಟ್ರೋ ಮತ್ತು ಸೈಕಲ್ಲಿಗೆ ಒಂದೇ ಕಾರ್ಡು ಬೇಕು. ಅದಕ್ಕೆ ನಗದು ತುಂಬಿಸುವ ಸೌಲಭ್ಯವಿರಬೇಕು. ಬಸ್ ನಿಲ್ದಾಣದ ಮಗ್ಗುಲಲ್ಲೇ ಸೈಕಲ್ ಕೇಂದ್ರ ಬೇಕು, ಬಡವರ ಬಡಾವಣೆಗೆ ಮೊದಲ ಆದ್ಯತೆ ಸಿಗಬೇಕು. ಜಮಾಅತ್‌ಗಳು ಮಸೀದಿಯ ಆವರಣದಲ್ಲಿ ಸಾಧ್ಯವಿರುವಲ್ಲಿ ಕೇಂದ್ರಕ್ಕೆ ಸ್ಥಳ ಕೊಡಲಿ. ಅದನ್ನು ಎಲ್ಲ ಧರ್ಮದವರೂ ಬಳಸುವಂತಾಗಲಿ. ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ನಮ್ಮ ಬೇಡಿಕೆ ಕಬರಸ್ತಾನದ ಆವರಣ ಗೋಡೆಗಷ್ಟೇ ಸೀಮಿತವಾಗದಿರಲಿ. ಬದುಕಿರುವವರು ನಡೆಯುವ ದಾರಿಯನ್ನೂ ಕೇಳೋಣ.

ದಾರಿಯ ಹಕ್ಕನ್ನು ಸಲ್ಲಿಸುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.