ಖೋಟಾ ಸುದ್ದಿಯೂ ನಮ್ಮ ಮತವೂ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆಯ ಭಿತ್ತಿಪತ್ರದ ಮೇಲೆ ಮುದ್ರಕನ ಹೆಸರೂ ಪ್ರಕಾಶಕನ ಹೆಸರೂ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿತ್ವ ಕಾಯಿದೆ ವಿಧಿಸುತ್ತದೆ. ಸುಳ್ಳು ಅಚ್ಚುಹಾಕಿದವನನ್ನು ಹಿಡಿದು ಕೇಳಬಹುದು. ಆದರೆ ಫೋನಿಗೆ ಬರುವ ಸುದ್ದಿಗೆ ಹಡೆದವರ ಹೆಸರೇ ಇರುವುದಿಲ್ಲ. ಭಾವ ಕಳಿಸಿದ, ಪಾಳಿಯ ಜೊತೆಗಾರ ಕಳಿಸಿದ ಎಂದು ನಾವು ನಂಬುತ್ತೇವೆ. ಅವನಿಗೆ ಕಳಿಸಿದವರು ಯಾರು?

2019ರ ಲೋಕಸಭಾ ಚುನಾವಣೆಯಲ್ಲಿ ವಾಟ್ಸ್‌ಆ್ಯಪಿನ ಮೂಲಕ ಒಂದು ಸಂದೇಶ ದೇಶದ ತುಂಬ ಹರಡಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ಮತ್ತು ಗುರುತಿನ ಚೀಟಿ ತೋರಿಸಿ ‘ಚಾಲೆಂಜ್ ವೋಟ್’ ಹಾಕಬಹುದು. ನಿಮ್ಮ ಮತವನ್ನು ಬೇರೊಬ್ಬ ಹಾಕಿದ್ದರೆ ‘ಟೆಂಡರ್ ವೋಟ್’ ಕೇಳಿರಿ. ಮತಗಟ್ಟೆಯಲ್ಲಿ ಟೆಂಡರ್ ವೋಟ್ ಶೇಕಡ 14 ದಾಟಿದರೆ ಮರುಮತದಾನ ಆಗುತ್ತದೆ ಎಂದು ಅದರಲ್ಲಿತ್ತು. ಮುಂದಿನ ಚುನಾವಣೆಗಳಲ್ಲಿಯೂ ಅದೇ ಸಂದೇಶ ತಿರುಗಾಡಿತು.

ಇದರಲ್ಲಿ ನಡುವಿನ ಮಾತು ಮಾತ್ರ ನಿಜ. ಟೆಂಡರ್ ವೋಟ್ 1961ರ ನಿಯಮಗಳಲ್ಲಿ ಉಂಟು. ಆದರೆ ಆ ಮತಪತ್ರವನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ. ಶೇಕಡ 14ರ ನಿಯಮ ಎಲ್ಲಿಯೂ ಇಲ್ಲ. ‘ಚಾಲೆಂಜ್’ ಎಂಬುದು ಮತದಾರನಿಗೆ ಇರುವ ಹಕ್ಕೇ ಅಲ್ಲ. ಮತ ಹಾಕಲು ಬಂದವನು ನಿಜವಾದ ಮತದಾರನಲ್ಲವೆಂದು ಉಮೇದುವಾರನ ಏಜೆಂಟನು 2 ರೂಪಾಯಿ ಠೇವಣಿ ಇಟ್ಟು ಎತ್ತುವ ತಕರಾರು ಅದು. ಪಟ್ಟಿಯಲ್ಲಿ ಹೆಸರಿಲ್ಲದವನು ಎಷ್ಟು ಚೀಟಿ ತೋರಿಸಿದರೂ ಮತವಿಲ್ಲ.

ಈ ಸುಳ್ಳು ಯಾರನ್ನೂ ಬೈಯುವುದಿಲ್ಲ. ಉಪಕಾರದ ವೇಷದಲ್ಲಿ ಬರುತ್ತದೆ. ಅದಕ್ಕೇ ಅದು ಹೆಚ್ಚು ಅಪಾಯಕರ. ಬಾಡಿಗೆ ಮನೆ ಬದಲಿಸುತ್ತ ಹೋಗುವ ಕೆಲಸಗಾರನ ಹೆಸರೇ ಪಟ್ಟಿಯಿಂದ ಬಿಟ್ಟುಹೋಗುವ ಸಂಭವ ಹೆಚ್ಚು. ಆ ದಿನ ಚಾಲೆಂಜ್ ಮಾಡಿದರಾಯಿತು ಎಂದು ಅವನು ಸುಮ್ಮನಿರುತ್ತಾನೆ. ಮತದಾನದ ದಿನ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಮರಳುತ್ತಾನೆ. ಅವನ ಮತವನ್ನು ಯಾರೂ ಕಸಿಯಲಿಲ್ಲ; ಒಂದು ಸಂದೇಶ ಕಳೆಯಿತು.

ಇನ್ನು ನಮ್ಮ ಕಾರ್ಯಕರ್ತರಿಗೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಗೃಹಮಂತ್ರಿ ಅಮಿತ್ ಶಾ ಅವರ ತೆಲಂಗಾಣದ ಹಳೆಯ ಭಾಷಣವೊಂದನ್ನು ಕತ್ತರಿಸಿ ಜೋಡಿಸಿ, ಪರಿಶಿಷ್ಟರ ಹಾಗೂ ಹಿಂದುಳಿದವರ ಮೀಸಲಾತಿಯನ್ನು ತೆಗೆಯುವೆವೆಂದು ಅವರು ಹೇಳಿದಂತೆ ಹರಡಲಾಯಿತು. 2023ರ ಆ ಭಾಷಣದಲ್ಲಿ ಅವರು ತೆಗೆಯುವೆವೆಂದದ್ದು ಮುಸ್ಲಿಮರ ಮೀಸಲಾತಿಯನ್ನು. ಅದನ್ನು ನಾವು ವಿರೋಧಿಸುತ್ತೇವೆ, ಬಹಿರಂಗವಾಗಿ ವಾದಿಸುತ್ತೇವೆ. ಆದರೆ ಆಡದ ಮಾತನ್ನು ಎದುರಾಳಿಯ ಬಾಯಿಗೆ ತುರುಕಿದರೆ, ಆಡಿದ ಮಾತಿಗೆ ಉತ್ತರ ಕೊಡುವ ಹೊಣೆಯಿಂದ ಅವನನ್ನು ನಾವೇ ಬಿಡಿಸಿದಂತೆ. ನಮಗೆ ಅನುಕೂಲವಾದ ಸುಳ್ಳೂ ಸುಳ್ಳೇ.

ವರ್ತಕ ಬಂಧುಗಳೆ, 500ರ ನೋಟು ಕೈಗೆ ಬಂದರೆ ಬೆಳಕಿಗೆ ಹಿಡಿದು ನೋಡುತ್ತೀರಿ. ಸುದ್ದಿಯನ್ನೂ ಹಾಗೆಯೇ ನೋಡಿರಿ. ಹೇಳಿದವರಾರು, ಎಂದು, ಎಲ್ಲಿ ಎಂದು ತಿಳಿಯದಿದ್ದರೆ ಅದು ನಿಮ್ಮ ಕೈಯಿಂದ ಮುಂದಕ್ಕೆ ಹೋಗಬಾರದು.

ಸಂಗಾತಿಗಳೆ, ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೆ ಎಂದು ಈ ವಾರವೇ ನೋಡಿಕೊಳ್ಳಿರಿ. ಇಲ್ಲದಿದ್ದರೆ ನಮೂನೆ 6, ಮನೆ ಬದಲಾಗಿದ್ದರೆ ನಮೂನೆ 8 ತುಂಬಿರಿ. ಸಂಶಯವಿದ್ದರೆ 1950ಕ್ಕೆ ಫೋನು ಮಾಡಿರಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಒಬ್ಬೊಬ್ಬ ಕಾರ್ಯಕರ್ತನೂ ತನ್ನ ಓಣಿಯ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಲಿ. ಈ ಚುನಾವಣೆಯಲ್ಲಿ ನಮ್ಮ ಮೊದಲ ಪ್ರಚಾರ ಅದೇ.