ಮನೆಗಂದಾಯವೂ ಮಕ್ಕಳ ಶಾಲೆಯೂ

(ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಅಮೇರಿಕದಲ್ಲಿ ಸರ್ಕಾರಿ ಶಾಲೆ ಎಲ್ಲ ಮಕ್ಕಳಿಗೂ ಪುಕ್ಕಟೆ. ಇದು ನಿಜ. ಆದರೆ ಪುಕ್ಕಟೆ ಎಂದ ಮಾತ್ರಕ್ಕೆ ಸಮಾನ ಎಂದು ನಾವು ತಿಳಿಯಬಾರದು. ಆ ಶಾಲೆಗೆ ಹಣ ಎಲ್ಲಿಂದ ಬರುತ್ತದೆಂದು ಕೇಳಿದಾಗಲೇ ಒಳಗಿನ ಹುಳುಕು ಕಾಣುವುದು. ಲೆವಿಟೌನ್ ಎಂಬ ಊರು ಇದಕ್ಕೆ ಒಳ್ಳೆಯ ಸಾಕ್ಷಿ.

ನ್ಯೂಯಾರ್ಕ್ ನಗರದ ಪೂರ್ವಕ್ಕೆ, ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ, 1947ರಿಂದ 1951ರೊಳಗೆ ಲೆವಿಟ್ ಕಂಪೆನಿ 17,000ಕ್ಕೂ ಹೆಚ್ಚು ಮನೆಗಳನ್ನು ಒಂದೇ ಅಚ್ಚಿನಲ್ಲಿ ತೆಗೆದಂತೆ ಕಟ್ಟಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಮೊದಲು ತಿಂಗಳಿಗೆ 60 ಡಾಲರ್ ಬಾಡಿಗೆ. 1949ರಲ್ಲಿ ಹೊಸ ಮಾದರಿಯ ಮನೆಗೆ 7,990 ಡಾಲರ್ ಬೆಲೆ. ಬೆಳಿಗ್ಗೆ ರೈಲೋ ಮೋಟಾರೋ ಹಿಡಿದು ನಗರಕ್ಕೆ ದುಡಿಯಲು ಹೋಗುವುದು, ಸಂಜೆ ಮನೆ ಸೇರುವುದು — ಅಲ್ಲಿನ ಅನೇಕರ ಬಾಳು ಹೀಗೆ ಸಾಗಿತು.

ಈ ಊರಿನ ಮೊದಲ ಬಾಡಿಗೆ ಪತ್ರಗಳಲ್ಲಿ ಬಿಳಿಯರಲ್ಲದವರು ವಾಸಿಸಕೂಡದೆಂಬ ಷರತ್ತಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ! ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಮಾಡಕೂಡದೆಂದು 1948ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೂ ಕಂಪೆನಿ ತನ್ನ ಬಣ್ಣದ ಬೇಲಿಯನ್ನು ಕೀಳಲಿಲ್ಲ.

ಆದರೆ ಬೇಲಿಯ ಒಳಗಿದ್ದವರಿಗೂ ಇನ್ನೊಂದು ಬೇಲಿ ಕಾದಿತ್ತು. ಅಮೇರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಶಾಲಾ ಜಿಲ್ಲೆಯ ಮನೆ, ಜಮೀನು, ಅಂಗಡಿ, ಕಾರ್ಖಾನೆಗಳ ಮೇಲಿನ ಕಂದಾಯದಿಂದ ಬರುತ್ತದೆ. ಆಸ್ತಿಯ ಬೆಲೆ ಹೆಚ್ಚಿದ್ದಲ್ಲಿ ಶಾಲೆಯೂ ಕೊಬ್ಬುತ್ತದೆ. ಸಣ್ಣ ಮನೆಗಳೇ ತುಂಬಿದ್ದಲ್ಲಿ ಸೊರಗುತ್ತದೆ.

ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದ ಲೆಕ್ಕ ನೋಡಿ. 1967–68ರಲ್ಲಿ ಎಡ್ಜ್‌ವುಡ್‌ನ ಬಡ ಮೆಕ್ಸಿಕನ್ ಮೂಲದ ಜನ 100 ಡಾಲರ್ ಆಸ್ತಿಗೆ 1.05 ಡಾಲರ್ ಕಂದಾಯ ತೆತ್ತರು. ಅವರಿಗೆ ಮಗುವೊಂದಕ್ಕೆ ದಕ್ಕಿದ್ದು 26 ಡಾಲರ್. ಅದೇ ನಗರದ ಸಿರಿವಂತ ಆಲಮೋ ಹೈಟ್ಸ್‌ನವರು ತೆತ್ತದ್ದು 85 ಸೆಂಟು. ದಕ್ಕಿದ್ದು 333 ಡಾಲರ್! ಹೆಚ್ಚು ತೆತ್ತವನಿಗೆ ಕಡಿಮೆ, ಕಡಿಮೆ ತೆತ್ತವನಿಗೆ ಹೆಚ್ಚು. ಸರ್ಕಾರಗಳ ನೆರವು ಸೇರಿದ ಮೇಲೂ 356ಕ್ಕೆ 594ರ ಅಂತರ ಉಳಿಯಿತು. ಅಲ್ಲಿನ ತಂದೆತಾಯಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1973ರಲ್ಲಿ ಐವರು ನ್ಯಾಯಮೂರ್ತಿಗಳು ಅವರ ವಿರುದ್ಧ, ನಾಲ್ವರು ಅವರ ಪರ. ಒಂದು ಮತದಿಂದ ಬಡವರು ಸೋತರು.

ಮರುವರ್ಷ, 1974ರಲ್ಲಿ, ಲೆವಿಟೌನ್ ಸೇರಿದಂತೆ 27 ಶಾಲಾ ಜಿಲ್ಲೆಗಳು ನ್ಯೂಯಾರ್ಕ್ ರಾಜ್ಯದ ನ್ಯಾಯಾಲಯಕ್ಕೆ ಇದೇ ದೂರು ಒಯ್ದವು. ಆಮೇಲೆ ನ್ಯೂಯಾರ್ಕ್, ಬಫೆಲೋ ಮುಂತಾದ ಮಹಾನಗರಗಳ ಶಾಲಾ ಮಂಡಲಿಗಳೂ ಜೊತೆಗೂಡಿದವು. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಕರಿಯರನ್ನು ಹೊರಗಿಟ್ಟು ಹುಟ್ಟಿದ ಊರಿನ ಶಾಲೆ, ಕರಿಯರ ಮಕ್ಕಳು ತುಂಬಿದ ನಗರಗಳ ಶಾಲೆಯೊಡನೆ ಒಂದೇ ಕಟಕಟೆಯ ಮುಂದೆ ನಿಂತಿತು! ಬಣ್ಣ ಕಟ್ಟಿದ ಗೋಡೆ ಅವರ ಮಕ್ಕಳಿಗೆ ಅಕ್ಷರವನ್ನು ಕಾಯ್ದುಕೊಡಲಿಲ್ಲ.

1978ರಲ್ಲಿ ಕೆಳಗಿನ ನ್ಯಾಯಾಲಯ ಇವರ ಕಡೆ ತೀರ್ಪಿತ್ತಿತು. 1982ರಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತಕ್ಕಮಟ್ಟಿನ ಮೂಲ ಶಿಕ್ಷಣ ಸಿಕ್ಕರೆ ಸಾಕು, ಸಮಾನತೆ ಕೊಡಲೇಬೇಕೆಂದು ರಾಜ್ಯ ಸಂವಿಧಾನ ಹೇಳಿಲ್ಲ, ಶಾಲೆಯ ಸ್ಥಳೀಯ ಆಡಳಿತ ಉಳಿಯಬೇಕು ಎಂಬುದು ಅದರ ವಾದದ ತಿರುಳು. ಆ ತೀರ್ಪಿನಲ್ಲೇ ಬಿದ್ದಿದ್ದ 'ಮೂಲ ಶಿಕ್ಷಣ' ಎಂಬ ಕಿಡಿಯನ್ನು ಊದಿ, ನ್ಯೂಯಾರ್ಕ್ ನಗರದ ತಂದೆತಾಯಿಗಳು 2003ರಲ್ಲಿ ಅದೇ ನ್ಯಾಯಾಲಯದಲ್ಲಿ ಗೆದ್ದರು. ಹೋರಾಟ ವ್ಯರ್ಥವಾಗಲಿಲ್ಲ, ಆದರೆ ಸಮಾನತೆಯ ಮಾತು ಮಾತ್ರ ಹಿಂದೆಯೇ ಉಳಿಯಿತು.

ಸ್ಥಳೀಯ ಆಡಳಿತಕ್ಕೆ ನಾವು ವಿರೋಧಿಗಳಲ್ಲ. ಊರಿನ ಶಾಲೆಯನ್ನು ಊರವರೇ ನೋಡಿಕೊಳ್ಳಲಿ. ಆದರೆ ಬೊಕ್ಕಸ ಬರಿದಾಗಿರುವ ಊರಿಗೆ 'ನಿನ್ನ ಆಡಳಿತ ನಿನ್ನದು' ಎಂದರೆ, ಬಾವಿಯಿಲ್ಲದವನ ಕೈಗೆ ಹಗ್ಗ ಕೊಟ್ಟಂತೆ. ಆಡಳಿತ ಊರಿನದಾಗಲಿ, ಹಣದ ಹೊಣೆ ಇಡೀ ರಾಜ್ಯದ್ದಾಗಲಿ. ಇವೆರಡೂ ಕೂಡಿದಾಗಲೇ ವಿಕೇಂದ್ರೀಕರಣಕ್ಕೆ ಅರ್ಥ.

ಅಮೇರಿಕದ ಶಾಲೆಗಳಿಗೆ ಇಂದಿಗೂ ಅರ್ಧಕ್ಕೆ ಸಮೀಪದಷ್ಟು ಹಣ ಸ್ಥಳೀಯ ಮೂಲಗಳಿಂದಲೇ ಬರುತ್ತಿದೆ. ಒಳ್ಳೆಯ ಶಾಲೆ ಬೇಕಾದವನು ದುಬಾರಿ ಮನೆ ಕೊಳ್ಳಬೇಕು. ಕೊಳ್ಳಲಾರದವನ ಮಗು ಸಿಕ್ಕಿದ್ದರಲ್ಲಿ ಕಲಿಯಬೇಕು. ಬಾಗಿಲಲ್ಲಿ ಶುಲ್ಕ ಕೇಳದ ಶಾಲೆ, ಹೀಗೆ ಮನೆಯ ಬೆಲೆಯಲ್ಲಿ ಶುಲ್ಕ ವಸೂಲು ಮಾಡುತ್ತದೆ. ಮಗು ಹುಟ್ಟಿದ ಬೀದಿಯ ಬೆಲೆಯಿಂದ ಅದರ ಪಾಠದ ಬೆಲೆ ಕಟ್ಟುವ ಈ ಪದ್ಧತಿ ಅಳಿಯುವವರೆಗೆ, ಪುಕ್ಕಟೆ ಶಿಕ್ಷಣ ಎಂಬುದು ಅರ್ಧ ಸತ್ಯವೇ ಸರಿ.